ಇಂಟರ್ವಲ್ ಆದಮೇಲಿನ ಕತೆ

ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ ಯಾವ ಸಿನಿಮಾಕ್ಕೆ ಮಕ್ಕಳನ್ನು ಕರೆದೊಯ್ಯಬಹುದು ಅನ್ನುವುದನ್ನು ನಮ್ಮವ್ವ ಹೇಳಬೇಕಿತ್ತು. ತೊಂಬತ್ತರ ದಶಕದ ಮಾತು. ಟಾಕೀಸಿಗೆ ಹೊಸ ಪಿಕ್ಚರ್ ಬಂತೆಂದರೆ ಅವ್ವ ಮಗ್ಗ ಬಿಟ್ಟು ಮ್ಯಾಟ್ನಿಗೆ ಹೋಗುವಳು. ಸಂಜೆ ಬೀದಿ ನಲ್ಲಿಯ ಹತ್ತಿರ ಕೊಡವಿಟ್ಟು, ಮಕ್ಕಳೆಲ್ಲ ಸುತ್ತ ನಿಂತಿರುವಾಗಲೇ ನೀರಿಗೆ ಬಂದ ಹೆಂಗಸರಿಗೆ ಇಡೀ ಕತೆ ಹೇಳುವಳು. ದನಿ ತಗ್ಗಿಸದೆ ಕೊನೆ ಮುಟ್ಟಿಸಿದರೆ ಮಕ್ಕಳು ನೋಡಬಹುದು. ನಡುವೆ ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳೋ, ಮುಗಿಯಿತು, ನಮ್ಮ ಹಣೆಬರಹ ಅಷ್ಟೇ.

ಆ ಸಲ ಬಂದದ್ದು ತೆಲುಗಿನದು. ಪೋಸ್ಟರಿನಲ್ಲಿ ಟೋಪಿ ಹಾಕಿದ ಕೋತಿ ಇತ್ತು! ನನಗೆ ಬೆಳಗಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಅವ್ವ ಗಟ್ಟಿಯಾಗಿಯೇ ಶುರು ಮಾಡಿದಳು. ಅಣ್ಣ ತಂಗಿ ಇಬ್ಬರು ಮಕ್ಕಳು, ಅವರ ಕೋತಿ, ಅದರ ಚೇಷ್ಟೆ. ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಇಂಟರ್ವಲ್‌ವರೆಗೆ ಬಂದವಳು ಗಪ್ಪನೆ ನಿಲ್ಲಿಸಿಬಿಟ್ಟಳು.

“ಆಮ್ಯಾಲೇನಾತಕ್ಕಾ?” ಪಕ್ಕದ ಮನೆಯವಳು ಕೇಳಿದಳು.

“ಏನಿಲ್ಲ. ಹುಡುಗ್ರಿಗೆ ಬ್ಯಾಡ.”

“ಯಾಕೆ, ಹೊಡೆದಾಟ ಐತಾ? ಕೆಟ್ಟ ಕುಣಿತ ಐತಾ?”

“ಯಾವ್ದೂ ಇಲ್ಲ ಮಾರಾಯ್ತಿ. ಬ್ಯಾಡ ಅಂದ್ರೆ ಬ್ಯಾಡ.”

ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೊರಟಳು.

ನನಗೆ ಮೈಯೆಲ್ಲ ಉರಿಯಿತು. ಪಿಸುಗುಟ್ಟಿದ್ದರೆ ಒಪ್ಪುತ್ತಿದ್ದೆ, ಇದೆಂಥ ನ್ಯಾಯ! ಅವ್ವ ಮಗ್ಗಕ್ಕೆ ಕೂತರೆ ಅಲ್ಲಿ, ಒಲೆ ಮುಂದೆ ಕೂತರೆ ಅಲ್ಲಿ, ಬಿಡದೆ ಪೀಡಿಸಿದೆ. “ತಲೆ ತಿನ್ನಬ್ಯಾಡ ಹೋಗು” ಅಂದಳೇ ಹೊರತು ಕಾರಣ ಹೇಳಲಿಲ್ಲ.

ಭಾನುವಾರ ಅಪ್ಪ ಬಂದ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಅವನ ಕೆಲಸ. ಮೊದಲು ವಾರ ವಾರ ಬರುತ್ತಿದ್ದ, ಆಮೇಲಾಮೇಲೆ ಮಿಲ್ಲಿನಲ್ಲಿ ಪುರುಸೊತ್ತಿಲ್ಲ ಅನ್ನತೊಡಗಿದ್ದ. ಊಟಕ್ಕೆ ಕೂತಾಗ ಅವ್ವನ ಮೇಲೆ ದೂರು ಹೇಳಿದೆ.

ಅಪ್ಪ ನಕ್ಕ. “ಕೋತಿ ಪಿಕ್ಚರ್‌ಗೆ ಬ್ಯಾಡ ಅಂತಾರೇನೇ ಯಾರಾದ್ರೂ? ನಡಿಯವ್ವ, ನಾನೇ ಕರ್ಕಂಡು ಹೋಗ್ತೀನಿ.”

ನಾನು ಕೂತಲ್ಲೇ ಕುಣಿದುಬಿಟ್ಟೆ. ಸಾರು ಬಡಿಸುತ್ತಿದ್ದ ಅವ್ವ ಸೌಟು ಕೆಳಗಿಟ್ಟಳು. ನಲ್ಲಿಯ ಹತ್ತಿರ ಹೇಳುವಷ್ಟೇ ಗಟ್ಟಿಯಾಗಿ ಹೇಳಿದಳು:

“ಇಂಟರ್ವಲ್ ಆದ್ಮ್ಯಾಲೆ, ಆ ಹುಡುಗ್ರ ಅಪ್ಪಂಗೆ ಬ್ಯಾರೆ ಊರಾಗೆ ಇನ್ನೊಂದು ಸಂಸಾರ ಐತೆ ಅಂತ ಅವರವ್ವಂಗೆ ಗೊತ್ತಾಗ್ತೈತ್ರಿ. ಅಲ್ಲೂ ಒಂದು ಕೂಸೈತೆ. ಈಗ ನೀವೇ ಹೇಳ್ರಿ, ನಮ್ಮ ಹುಡುಗಿ ನೋಡಬೋದಾ?”

ನನಗೆ ಯಾಕೋ ಭಯವಾಯಿತು. ಅಪ್ಪ ನನ್ನ ಕಡೆ ತಿರುಗಲಿಲ್ಲ. ಅರ್ಧ ಮುದ್ದೆ ಬಿಟ್ಟು ತಟ್ಟೆಯಲ್ಲೇ ಕೈ ತೊಳೆದುಕೊಂಡ.

“ಬ್ಯಾಡ,” ಅಂದ.