ಕೊನೆಗದ್ದೆಯವರ ಮೊದಲ ಮಾತು

ಮೊನ್ನೆ ಭಾನುವಾರ ಬೆಳಗ್ಗೆ ನಮ್ಮ ಬೀದಿಯಲ್ಲಿ ನೀರಿನ ಟ್ಯಾಂಕರೊಂದು ಹಾದುಹೋಯಿತು. ಹಿಂದಿನ ನಲ್ಲಿ ಸರಿಯಾಗಿ ಮುಚ್ಚಿರಲಿಲ್ಲವೋ ಏನೋ, ದಾರಿಯುದ್ದಕ್ಕೂ ನೀರು ಚೆಲ್ಲಿಕೊಂಡೇ ಹೋಯಿತು. ಬಿಸಿಲಿಗೆ ಕಾದ ಮಣ್ಣಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಲ್ಲ, ಗೇಟಿನ ಬಳಿ ಪೇಪರ್ ಹಿಡಿದು ನಿಂತಿದ್ದ ನನ್ನ ಮೂಗಿಗೆ ಅದು ಘಮ್ಮೆಂದು ಬಡಿಯಿತು. ಬೆಂಗಳೂರಿನಲ್ಲಿ ಈಗ ಮಳೆಯ ವಾಸನೆಯೂ ಟ್ಯಾಂಕರಿನಲ್ಲೇ ಬರಬೇಕು. ಕೈಯಲ್ಲಿದ್ದ ಪೇಪರಿನಲ್ಲೂ ಅದೇ ಗೋಳು. ಬೆಳೆಯುತ್ತಿರುವ ಮಹಾನಗರದ ಸಮಸ್ಯೆಗಳ ಬಗ್ಗೆ ದೊಡ್ಡ ಹೋಟೆಲೊಂದರಲ್ಲಿ ತಜ್ಞರೆಲ್ಲ ಕೂಡಿ ಚರ್ಚೆ ಮಾಡಿದ್ದರು. ರಸ್ತೆ, ಕಸ, ಕೆರೆ, ನೀರು ಯಾವುದನ್ನೂ ಬಿಟ್ಟಿರಲಿಲ್ಲ. ಫೋಟೋದಲ್ಲಿ ಒಬ್ಬೊಬ್ಬರ ಮುಂದೆಯೂ ಒಂದೊಂದು ನೀರಿನ ಬಾಟಲಿ ಇತ್ತು.

ಅಷ್ಟು ಹೊತ್ತಿಗೆ ಫೋನ್ ಟಿಣ್ ಎಂದಿತು. ನಮ್ಮ ಬಡಾವಣೆಯ ಸಂಘದ ಸಂದೇಶ. ಸಂಜೆ ಪಾರ್ಕಿನಲ್ಲಿ ಸಭೆ, ವಿಷಯ ನೀರು, ಮನೆಯ ಮಾಲೀಕರೆಲ್ಲ ತಪ್ಪದೆ ಬರಬೇಕು.

ಈ ಸಭೆಗಳಿಗೆ ನಾನು ತಪ್ಪದೆ ಹೋಗುತ್ತೇನೆ, ಹೋಗಿ ತಪ್ಪದೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಶಾಲೆಯಲ್ಲಿ ಇಡೀ ಜೀವಮಾನ ಮಕ್ಕಳ ಬಾಯಿ ಮುಚ್ಚಿಸಿದವಳು ಇಲ್ಲಿ ಹೀಗೆ ಕೂರುವುದನ್ನು ನೋಡಿ ನೆರೆಹೊರೆಯವರು ತಮಗೆ ತೋಚಿದ ಅರ್ಥ ಮಾಡಿಕೊಂಡಿದ್ದಾರೆ. "ಮೇಡಂ ತುಂಬಾ ತೂಕದವರು" ಎಂದು ಒಬ್ಬರು, "ಯೋಚನೆ ಮಾಡ್ತಿರ್ತಾರೆ" ಎಂದು ಇನ್ನೊಬ್ಬರು. ಈ ಮೌನವನ್ನೇ ಯೋಗ್ಯತೆ ಎಂದು ತಿಳಿದು ನನ್ನನ್ನು ಕಮಿಟಿಗೂ ಸೇರಿಸಿದರು. ನಮ್ಮ ಯಜಮಾನರಿಗೆ ಮಾತ್ರ ಇದು ದೊಡ್ಡ ತಮಾಷೆ. "ಮನೇಲಿ ಆಡೋ ಮಾತಲ್ಲಿ ಕಾಲು ಭಾಗ ಅಲ್ಲಿ ಆಡಿದ್ದಿದ್ರೆ ಇಷ್ಟೊತ್ತಿಗೆ ಕಾವೇರಿ ನೀರು ಬಂದಿರೋದು" ಎನ್ನುತ್ತಾರೆ.

ನಿಜ ಸಂಗತಿ ತೂಕದ್ದೂ ಅಲ್ಲ, ಯೋಚನೆಯದೂ ಅಲ್ಲ, ನಿಮ್ಮ ಹತ್ತಿರ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣದು. ನೀರಿನ ಸಭೆಯಲ್ಲಿ ನೀರು ಕೊನೆಗೆ ತಲುಪುವವರು ಮೊದಲು ಮಾತಾಡಬೇಕು, ಅಲ್ಲಿಯವರೆಗೆ ಉಳಿದವರು ಬಾಯಿ ಬಿಡಬಾರದು ಎಂಬುದು ನಮ್ಮೂರಿನ ರೂಢಿ. ಬಡಾವಣೆಯಲ್ಲಿ ನಮ್ಮ ಮನೆ ನಡುವಿನ ಕ್ರಾಸಿನಲ್ಲಿದೆ. ಕೊನೆಯ ಕ್ರಾಸಿನವರು ಎದ್ದು ಮಾತಾಡಲಿ, ಆಮೇಲೆ ನನ್ನ ಸರದಿ ಎಂದು ಕಾಯುತ್ತಾ ಕೂರುತ್ತೇನೆ. ಅವರು ಸಭೆಗೆ ಬರುವುದೇ ಇಲ್ಲ. ಹಾಗಾಗಿ ನನ್ನ ಸರದಿಯೂ ಬರುವುದಿಲ್ಲ.

ನಮ್ಮೂರು ಕಡೂರು ತಾಲ್ಲೂಕು, ಸಿಂಗಟಗೆರೆ ಕಡೆಯ ಒಂದು ಹಳ್ಳಿ. ಒಂದಿಷ್ಟು ತೆಂಗಿನ ತೋಟ, ಆಚೆಗೆ ರಾಗಿ ಹೊಲ, ಒಂದು ಕೆರೆ, ಕೆರೆಯ ಕೆಳಗೆ ಊರಿಗೆಲ್ಲ ಹಂಚಿಹೋದ ತುಂಡು ತುಂಡು ಗದ್ದೆ. ಕೆರೆ ತುಂಬಿದ ವರ್ಷ ಯಾರೂ ಸಭೆ ಸೇರುತ್ತಿರಲಿಲ್ಲ. ಅರ್ಧ ತುಂಬಿದ ವರ್ಷ ಮಾತ್ರ ಏರಿಯ ಮೇಲಿನ ಹುಣಸೆಮರದ ಕೆಳಗೆ ಸೇರಿ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಿದ್ದರು. ನಮ್ಮ ಕಡೆ ಕೆರೆ ತುಂಬುವುದೇ ಅಪರೂಪವಾದ್ದರಿಂದ ಮಳೆಗೆ ಬರ ಇದ್ದರೂ ಸಭೆಗೆ ಬರ ಇರಲಿಲ್ಲ.

ಮೊದಲ ಮಾತು ಕೊನೆಗದ್ದೆಯವರದೇ ಯಾಕೆ ಎಂದು ನಾನೊಮ್ಮೆ ಊರಿನ ಗೌಡರನ್ನೇ ಕೇಳಿದ್ದೆ. "ತೂಬಿನ ಬಾಯಲ್ಲಿ ಗದ್ದೆ ಇರೋನ್ಗೆ ಕೂತಲ್ಲಿಗೇ ನೀರು ಬತ್ತದೆ ಕಣಮ್ಮ. ಅವನೇ ಮೊದ್ಲು ಬಾಯಿ ಬಿಟ್ರೆ ಕೊನೆಯೋನ ಮಾತು ಗಂಟ್ಲಲ್ಲೇ ಒಣಗೋಯ್ತದೆ" ಎಂದಿದ್ದರು ಅವರು.

ಕೊನೆಗದ್ದೆ ಇದ್ದದ್ದು ನಮ್ಮ ಸಿದ್ದಮ್ಮತ್ತೆಗೆ. ನಮ್ಮಪ್ಪನ ಅಕ್ಕ, ಅದೇ ಊರಿಗೆ ಕೊಟ್ಟಿದ್ದರು. ಮಾವ ಬೇಗ ತೀರಿಕೊಂಡರು. ಹೆಂಗಸರು ಏರಿ ಹತ್ತಿ ಗಂಡಸರ ಸಭೆಯಲ್ಲಿ ಕೂರುವ ವಾಡಿಕೆ ಆಗ ಇರಲಿಲ್ಲ, ಅದರಲ್ಲೂ ಗಂಡ ಸತ್ತವಳು. ಮಾವ ಇಲ್ಲದ ಮೊದಲ ವರ್ಷ ಎಲ್ಲರೂ ಮರದ ಕೆಳಗೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಅತ್ತೆಯನ್ನು ಕರೆದರೆ ವಾಡಿಕೆ ಕೆಡುತ್ತದೆ, ಕರೆಯದಿದ್ದರೆ ರೂಢಿ ಕೆಡುತ್ತದೆ. ಕೊನೆಗೆ ತೂಬು ಕಾಯುವ ನೀರುಗಂಟಿಯನ್ನು ಅತ್ತೆಯ ಮನೆಗೆ ಓಡಿಸಿದರಂತೆ. ಸಗಣಿ ಕೈಯಲ್ಲೇ ಬಂದ ಅತ್ತೆ ಆ ಸಲ ಎರಡು ಮಾತಾಡಿ ಇಳಿದುಹೋದಳಂತೆ.

ಎರಡು ಮಾತಾಡಿದ್ದು ಆ ಒಂದೇ ವರ್ಷ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅತ್ತೆಗೆ ಆ ಸಭೆಯ ರುಚಿ ಚೆನ್ನಾಗಿ ಹತ್ತಿತ್ತು. ಹಿಂದಿನ ದಿನವೇ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಳ್ಳುತ್ತಿದ್ದಳು. ಮಡಿಸಿಟ್ಟ ಒಳ್ಳೆಯ ಸೀರೆ ಹೊರಗೆ ಬರುತ್ತಿತ್ತು. ಏರಿ ಹತ್ತಿ, ಎಲೆಯಡಿಕೆ ಉಗಿದು, ಬಾಯಿ ಒರೆಸಿಕೊಂಡು ಶುರುಮಾಡಿದಳೆಂದರೆ ನೀರಿನ ಸುದ್ದಿ ಎತ್ತುವುದಕ್ಕೆ ಬಹಳ ಮುಂಚೆ ಊರಿನ ಸುದ್ದಿಯೆಲ್ಲ ಮುಗಿಯಬೇಕು. ಯಾರ ಎಮ್ಮೆ ಯಾರ ಹುಲ್ಲು ತಿಂದಿತು, ಅಜ್ಜಂಪುರದ ಸಂತೆಯಲ್ಲಿ ಈರುಳ್ಳಿ ತೂಕಕ್ಕೆ ಹೇಗೆ ಮೋಸ ಮಾಡುತ್ತಾರೆ, ಕಡೂರಿನ ಬಸ್ಸಿನವನು ಕೈ ತೋರಿಸಿದರೂ ನಿಲ್ಲಿಸದೆ ಹೋದದ್ದು, ಸ್ಕೂಲಿನ ಹೆಂಚು ಒಡೆದು ಮಕ್ಕಳ ತಲೆ ಮೇಲೆ ಬಿಸಿಲು ಬೀಳುವುದು. ಯಾರೂ ತಡೆಯುವಂತಿರಲಿಲ್ಲ.

ಗೌಡರು ಒಮ್ಮೆ ತಾಳ್ಮೆಗೆಟ್ಟು, "ಸಿದ್ದಕ್ಕ, ನೀರಿನ ವಿಷ್ಯಕ್ಕೆ ಬಾರವ್ವ" ಎಂದರು.

"ಬತ್ತೀನಿ ಇರಪ್ಪ. ನನ್ ಗದ್ದೆಗೆ ನೀರು ಬರಕ್ಕೇ ಅಷ್ಟೊತ್ತಾಯ್ತದೆ, ಮಾತು ಬರಕ್ಕೆ ಆಗಲ್ವಾ?" ಎಂದಳು ಅತ್ತೆ.

ಗಂಡಸರೆಲ್ಲ ನಕ್ಕರು. ಅವಳು ನಗಲಿಲ್ಲ. ಅವಳ ಪಕ್ಕ ಸೆರಗು ಹಿಡಿದು ಕೂತಿದ್ದ ನನಗೆ ಈ ಪ್ರಪಂಚದಲ್ಲಿ ನಮ್ಮತ್ತೆಗಿಂತ ದೊಡ್ಡವರು ಯಾರೂ ಇಲ್ಲ ಅನ್ನಿಸಿತ್ತು. ಈಗಲೂ ಬಹುಪಾಲು ಹಾಗೇ ಅನ್ನಿಸುತ್ತದೆ.

ಎಷ್ಟೇ ಮಾತಾಡಿದರೂ ಕೊನೆಗದ್ದೆ ಕೊನೆಗದ್ದೆಯೇ ಅಲ್ಲವೆ. ಒಂದು ವರ್ಷ ಕೆರೆ ಬೇಗ ಬತ್ತಿ ಅತ್ತೆಯ ಬತ್ತ ಹಾಲುಗಟ್ಟುವ ಹೊತ್ತಿಗೆ ಒಣಗಿತು. ನಮ್ಮ ಗದ್ದೆ ತೂಬಿನ ಬಾಯಲ್ಲೇ ಇತ್ತು, ಹಸಿರಾಗಿ ನಿಂತಿತ್ತು. ಅಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಒಂದು ದಿನ ಅತ್ತೆಯ ಜಗುಲಿಯಲ್ಲಿ ಕೂತು ತಲೆ ತಗ್ಗಿಸಿಕೊಂಡೇ ಹೇಳಿದ: "ಅಕ್ಕಯ್ಯ, ನನ್ ಗದ್ದೆ ನೀನಿಟ್ಕೋ. ನಿನ್ದು ನನ್ಗೆ ಕೊಡು. ಖಾತೆ ಬದ್ಲಾಯಿಸ್ಕೊಂಡ್ರಾಯ್ತು. ಒಂದೇ ಅಳತೆ, ಯಾರ್ ಏನಂತಾರೆ?"

ಅತ್ತೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೈ ನಿಲ್ಲಿಸಿ ತಮ್ಮನ ಮುಖ ನೋಡಿದಳು. ಅಷ್ಟು ಒಳ್ಳೆಯ ಗದ್ದೆಯನ್ನು ಇನ್ನೊಬ್ಬರಾಗಿದ್ದರೆ ಎರಡು ಕೈಯಲ್ಲಿ ಈಸಿಕೊಳ್ಳುತ್ತಿದ್ದರು.

"ಲೇ ಓಂಕಾರ," ಎಂದಳು. "ನೀರು ಕೊಟ್ಟು ನನ್ ಬಾಯಿ ಕಿತ್ಕೊತೀಯೇನೋ? ನಿನ್ ಗದ್ದೆ ತಗೊಂಡ್ರೆ ಆ ಏರಿ ಮ್ಯಾಲೆ ನನ್ನ ಯಾರ್ಲಾ ಕರೀತಾರೆ? ಒಂದೊರ್ಸ ಬತ್ತ ಹೋದ್ರೆ ರಾಗಿ ಉಣ್ತೀನಿ. ಕರೆಯೋರೇ ಇಲ್ದಿದ್ರೆ ಈ ಗೋಡೆ ಜೊತೆ ಮಾತಾಡ್ಲಾ?"

ಅಪ್ಪ ಎದ್ದು ಬಂದ. ಆ ವರ್ಷ ನಮ್ಮ ಕಣದಿಂದ ಅತ್ತೆಯ ಮನೆಗೆ ಬತ್ತದ ಚೀಲ ಹೋಯಿತು, ಅತ್ತೆ ಬೇಡ ಅನ್ನಲಿಲ್ಲ. ಗದ್ದೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಆಮೇಲೆ ಬೋರ್‌ವೆಲ್ ಬಂದವು. ಅವರವರ ನೀರು ಅವರವರ ನೆಲದಿಂದಲೇ ಬಂದ ಮೇಲೆ ಪಕ್ಕದವನ ಜೊತೆ ಮಾತಾಡುವ ಗರಜು ಯಾರಿಗೂ ಉಳಿಯಲಿಲ್ಲ. ಹುಣಸೆಮರದ ಕೆಳಗೆ ಈಗ ಬೈಕು ನಿಲ್ಲಿಸುತ್ತಾರೆ. ಅತ್ತೆ ವಯಸ್ಸಾಗಿ ತರೀಕೆರೆಯಲ್ಲಿ ಮಗಳ ಮನೆ ಸೇರಿದ್ದಾಳೆ. ಅಲ್ಲೂ ಅವಳು ಮಾತು ಮುಗಿಸುವವರೆಗೆ ಅಳಿಯ ಊಟಕ್ಕೆ ಏಳುವಂತಿಲ್ಲವಂತೆ.

ಈಗ ಮೊನ್ನೆ ಭಾನುವಾರ ಸಂಜೆಯ ಸಭೆಗೆ ಬರುತ್ತೇನೆ. ನಮ್ಮ ಸೆಕ್ರೆಟರಿ ನಿವೃತ್ತ ಎಂಜಿನಿಯರ್, ಒಳ್ಳೆಯ ಮನುಷ್ಯರು, ಸಂಘಕ್ಕಾಗಿ ಬಿಸಿಲಲ್ಲಿ ಓಡಾಡುವವರು. ಪರದೆ ಕಟ್ಟಿ ಬಡಾವಣೆಯ ನಕ್ಷೆ ತೋರಿಸಿದರು. ನಮ್ಮ ದೊಡ್ಡ ಟ್ಯಾಂಕಿಗೆ ಈಗ ಬರುವ ನೀರೇ ಅರ್ಧ. ಕೊನೆಯ ಕ್ರಾಸ್ ದಿಬ್ಬದ ಮೇಲಿದೆ, ಅಲ್ಲಿಗೆ ನೀರು ಹತ್ತುವಷ್ಟರಲ್ಲಿ ಟ್ಯಾಂಕ್ ಖಾಲಿ. ಆದ್ದರಿಂದ ಬೇಸಿಗೆ ಮುಗಿಯುವವರೆಗೆ ಆ ಕ್ರಾಸಿನ ವಾಲ್ವ್ ಮುಚ್ಚಿಬಿಡೋಣ, ಅವರು ತಮ್ಮ ವ್ಯವಸ್ಥೆ ತಾವು ನೋಡಿಕೊಳ್ಳಲಿ. ಅಲ್ಲಿರುವವರು ಬಾಡಿಗೆಯವರು, ಮಾಲೀಕರು ಬೇರೆ ಕಡೆ ಇದ್ದಾರೆ, ಫೋನಿನಲ್ಲಿ ಒಪ್ಪಿದ್ದಾರೆ. ಎಲ್ಲರೂ ತಲೆಯಾಡಿಸಿದರು. ನಮಗೆಲ್ಲ ನೀರು ಉಳಿಯುವ ಮಾತು, ತಲೆಯಾಡಿಸದೆ ಇನ್ನೇನು.

"ಯಾರದಾದರೂ ಅಭ್ಯಂತರ ಇದೆಯಾ?" ಎಂದರು ಸೆಕ್ರೆಟರಿ, ಲ್ಯಾಪ್‌ಟಾಪ್ ಮುಚ್ಚುತ್ತಾ.

ನಾನು ಎದ್ದು ನಿಂತಿದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ. "ಕೊನೇ ಕ್ರಾಸಿನವರು ಇನ್ನೂ ಮಾತಾಡಿಲ್ಲ" ಎಂದೆ.

"ಅವರು ಮೆಂಬರ್ ಅಲ್ವಲ್ಲ ಮೇಡಂ."

"ಅವರು ಮಾತಾಡೋ ತನಕ ನಾವ್ಯಾರೂ ಮಾತಾಡೋ ಹಾಗಿಲ್ಲ" ಎಂದುಬಿಟ್ಟೆ, ಇದೇನೋ ಸಂಘದ ನಿಯಮಗಳಲ್ಲಿ ಬರೆದಿಟ್ಟಿದೆ ಅನ್ನುವ ಹಾಗೆ. ಸೆಕ್ರೆಟರಿ ಮುಚ್ಚಿದ ಲ್ಯಾಪ್‌ಟಾಪನ್ನು ಮತ್ತೆ ತೆರೆದರು. ಇಷ್ಟು ವರ್ಷ ಸುಮ್ಮನಿದ್ದದ್ದರಿಂದ ಆದ ಲಾಭ ಅದೊಂದೇ. ನಾನು ಚಪ್ಪಲಿ ಮೆಟ್ಟಿಕೊಂಡು ದಿಬ್ಬ ಹತ್ತಿದೆ.

ಕೊನೆಯ ಕ್ರಾಸಿನಲ್ಲಿ ನನಗೆ ಗುರುತಿದ್ದವಳು ಮಹಾದೇವಿ ಒಬ್ಬಳೇ. ಬಾದಾಮಿ ಕಡೆಯವಳು, ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಸಂಗತಿ ಕೇಳಿ ಅವಳ ಮುಖ ಸಣ್ಣಗಾಯಿತು. "ನಾವು ಬಾಡಿಗಿಯವ್ರು, ನಾವೇನು ಮಾತಾಡೂದ್ರಿ ಅಕ್ಕಾರ?" ಎಂದಳು. ಆದರೂ ಮಷಿನ್ ಮೇಲೆ ಬಟ್ಟೆ ಹೊದಿಸಿ, ಪಕ್ಕದ ಇಬ್ಬರು ಹೆಂಗಸರನ್ನು ಕೂಗಿ ಕರೆದುಕೊಂಡು ನನ್ನ ಹಿಂದೆ ಬಂದಳು.

ಪಾರ್ಕಿನಲ್ಲಿ ಎಲ್ಲರ ಮುಂದೆ ನಿಂತಾಗ ಅವಳು ಸೆರಗು ಸರಿಮಾಡಿಕೊಂಡಳು. ಎದುರು ಕೂತ ಹೆಂಗಸರನ್ನೆಲ್ಲ ಒಮ್ಮೆ ನೋಡಿದಳು. "ಇಲ್ಲಿ ಕುಂತವ್ರದು ಎಲ್ಲಾರ್ದೂ ಅಳತಿ ನನ್ ಹತ್ರ ಅದಾವ್ರಿ" ಎಂದಳು. ಹೆಂಗಸರು ಕಿಸಕ್ಕನೆ ನಕ್ಕರು, ಅವಳಿಗೂ ಧೈರ್ಯ ಬಂತು. ತನ್ನ ಗಂಡನ ತಾಯಿ ಹಾಸಿಗೆ ಹಿಡಿದಿರುವುದು, ದಿನಾ ಅವರ ಬಟ್ಟೆ ಒಗೆಯಲೇಬೇಕಾದ್ದು, ಬಾಡಿಗೆ ಮನೆಯಲ್ಲಿ ಟ್ಯಾಂಕರ್ ನೀರು ತುಂಬಿಡಲು ತೊಟ್ಟಿ ಇಲ್ಲದ್ದು, ಎಲ್ಲ ಹೇಳಿದಳು. ಕೊನೆಗೆ ಸೆಕ್ರೆಟರಿಯವರ ಕಡೆ ತಿರುಗಿ, "ಮನಿ ಬಿಡ್ರಿ ಅಂತ ಬಾಯಿಬಿಟ್ಟು ಹೇಳ್ರಿ ಸರ, ಬಿಡ್ತೀವಿ. ನೀರು ಬಂದ್ ಮಾಡಿ ಬಿಡಿಸಬ್ಯಾಡ್ರಿ" ಎಂದಳು.

ಸೆಕ್ರೆಟರಿ ಕನ್ನಡಕ ತೆಗೆದು ಒರೆಸತೊಡಗಿದರು. ಆಮೇಲೆ ಗಲಾಟೆಯೂ ಆಯಿತು, ಮೊದಲ ಕ್ರಾಸಿನವರೊಬ್ಬರು ಸಿಟ್ಟು ಮಾಡಿಕೊಂಡು ಎದ್ದೂ ಹೋದರು. ಕತ್ತಲಾಗುವ ಹೊತ್ತಿಗೆ ಒಂದು ತೀರ್ಮಾನವಾಯಿತು. ಬೆಳಗ್ಗೆ ನೀರು ಬಿಟ್ಟಾಗ ಕೆಳಗಿನ ಕ್ರಾಸುಗಳ ವಾಲ್ವ್ ಮುಚ್ಚಿರಬೇಕು. ದಿಬ್ಬದ ಮನೆಗಳಿಗೆ ಮೊದಲು ಹತ್ತಲಿ, ಆಮೇಲೆ ಉಳಿದವರಿಗೆ.

ಮಾರನೆಯ ಬೆಳಗ್ಗೆ ನಮ್ಮ ನಲ್ಲಿಯಲ್ಲಿ ನೀರಿಲ್ಲ. ತೀರ್ಮಾನ ಮಾಡಿಸಿದವಳು ನಾನೇ, ಆದರೆ ಖಾಲಿ ಬಕೆಟ್ ಹಿಡಿದು ನಿಂತಾಗ ಮೈಯೆಲ್ಲ ಉರಿಯಿತು. ಪಾತ್ರೆ ಹಾಗೇ ಬಿದ್ದಿದ್ದವು, ಕಾಫಿಗೂ ನೀರಿರಲಿಲ್ಲ. "ಒಂದ್ಸಲ ಬಾಯಿ ಬಿಟ್ಟಿದ್ದಕ್ಕೇ ಹೀಗೆ" ಎಂದರು ಯಜಮಾನರು. ನಾನು ಅವರ ಮೇಲೆ ರೇಗಿ, ಸಮಾಧಾನವಾಗದೆ ತರೀಕೆರೆಗೆ ಫೋನ್ ಮಾಡಿದೆ.

ಅತ್ತೆಗೆ ಕಿವಿ ಸ್ವಲ್ಪ ಮಂದ. ಕೂಗಿ ಕೂಗಿ ಎಲ್ಲ ಹೇಳಿದೆ. ಮಹಾದೇವಿಯ ಮಾತನ್ನು ಎರಡು ಸಲ ಹೇಳಿಸಿಕೊಂಡು ಅತ್ತೆ ಖುಷಿಪಟ್ಟಳು. "ನಿನ್ಗೆ ನೀರು ಬಂತೇನೇ?" ಎಂದಳು.

"ಎಲ್ಲಿ ಬಂತು? ಬಕೆಟ್ ಹಿಡ್ಕೊಂಡು ನಿಂತಿದೀನಿ. ನೀನು ಎಲ್ಲರಿಗಿಂತ ಮೊದ್ಲು ಮಾತಾಡಿ ಬರ್ತಿದ್ದೆ, ನನಗೆ ನೋಡು ಈ ಗತಿ."

ಅತ್ತೆ ಎಲೆಯಡಿಕೆ ಉಗಿದು ಬಂದ ಸದ್ದು ಕೇಳಿಸಿತು.

"ಮಾತಾಡೋದೇನ್ ದೊಡ್ದು ಬಿಡೇ," ಎಂದಳು. "ಎಲ್ರೂ ಸಿದ್ದಕ್ಕ ಸಿದ್ದಕ್ಕ ಅಂತ ನನ್ ಹೆಸ್ರೇ ಹೇಳುದ್ರು. ನನ್ ಪಾಳಿ ನೀರು ನಿಮ್ಮಪ್ಪನ ಗದ್ದೆ ಮುಂದ್ಲಿಂದ್ಲೇ ಹರ್ಕೊಂಡ್ ಬರ್ಬೇಕಾಗಿತ್ತು ಕಣೇ. ಅವನ ಪೈರು ಬಾಯಿ ಬಿಡ್ತಾ ನಿಂತಿದ್ ವರ್ಸಾನೂ ಇತ್ತು. ಕಾಲ್ವೆ ಬದುವಿಂದ ಒಂದ್ ಗುದ್ಲಿ ಮಣ್ಣು ಎಳ್ದಿದ್ರೆ ಸಾಕಾಗಿತ್ತು, ನೀರೆಲ್ಲ ಅವನ್ಗೇ. ಕೇಳೋರು ಯಾರು ಅಲ್ಲಿ? ನಾನು ನನ್ ಗದ್ದೇಲಿ ಕುಂತು ಕಾಯೋಳು. ಕೆರೇಲಿ ನೀರಿರೋ ತನ್ಕ ಒಂದ್ ದಿನಾನೂ ನನ್ ಪಾಳಿ ತಪ್ಲಿಲ್ಲ."

ಅಪ್ಪ ಹೋಗಿ ವರ್ಷಗಳಾದವು. ಅವನು ಏರಿಯ ಮೇಲೆ ಏನು ಮಾತಾಡುತ್ತಿದ್ದ ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಒಂದು ಮಾತೂ ನೆನಪಿಗೆ ಬರಲಿಲ್ಲ. ಹರಿದುಹೋಗುವ ನೀರಿನ ಪಕ್ಕ ಗುದ್ದಲಿ ಕೆಳಗಿಟ್ಟು ನಿಂತಿದ್ದ ಅವನು ಮಾತ್ರ ಕಣ್ಣಿಗೆ ಕಟ್ಟಿದ.

"ಬಕೆಟ್ ಕೆಳಗಿಡೇ, ಕೈ ನೋಯ್ತದೆ" ಎಂದಳು ಅತ್ತೆ.

ಕೆಳಗಿಟ್ಟೆ. ಆತುರದಲ್ಲಿ ಪೂರ್ತಿ ತಿರುಗಿಸಿಟ್ಟಿದ್ದ ನಲ್ಲಿಯನ್ನು ಮುಚ್ಚಿ, ನೀರು ದಿಬ್ಬ ಹತ್ತಲಿ ಎಂದು ಅಲ್ಲೇ ನೆಲದ ಮೇಲೆ ಕೂತೆ.