ಮೋಟುಗೋಡೆಯ ಮೇಲಿನ ಕಷಾಯ

ಹೊಳೆನರಸೀಪುರದಲ್ಲಿ ನಾವಿದ್ದ ಮನೆಗೂ ಪಕ್ಕದ ಮನೆಯ ಮೋಟುಗೋಡೆಗೂ ನಡುವೆ ಒಂದು ಸಂದಿ ಇತ್ತು. ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒರಗಿಕೊಳ್ಳಬೇಕು, ಅಷ್ಟೇ ಅಗಲ. ಬಿಸಿಲು ನೆತ್ತಿಗೆ ಬಂದಾಗ ಮಾತ್ರ ಅಲ್ಲಿಗೆ ಇಳಿಯುತ್ತಿತ್ತು. ಅಮ್ಮ ಎಣ್ಣೆ ಡಬ್ಬಗಳಲ್ಲಿ ಬಸಳೆ, ದೊಡ್ಡಪತ್ರೆ ಹಾಕಿದ್ದಳು. ನೆಲಕ್ಕೆ ಊರಿದ್ದ ಒಂದೇ ಒಂದು ಅವರೆ ಬಳ್ಳಿಯನ್ನು ಹುರಿ ಕಟ್ಟಿ ಹತ್ತಿಸಿದ್ದಳು. ಅದು ಬಿಸಿಲು ಹುಡುಕಿಕೊಂಡು ಗೋಡೆ ದಾಟಿತು. ಜಗಳ ಅಲ್ಲಿಂದ ಶುರುವಾಯಿತು.

"ನೀನು ಉಯ್ಯೋ ನೀರ್ಗೆ ನನ್ ಗ್ವಾಡೆ ಉಬ್ಬೋಗದೆ ಕಣವ್ವ. ಆ ಬಳ್ಳಿಗೊಂದು ಗತಿ ಕಾಣುಸ್ತೀನಿ, ನೋಡ್ತಿರು," ಎಂದಿದ್ದರು ಪಕ್ಕದ ಮನೆಯ ಅಜ್ಜಿ.

"ಬಳ್ಳಿಗೆ ನಿಮ್ಮನೆ ಹಿಡಿಸಿದೆ, ನಾನೇನು ಮಾಡ್ಲಿ?" ಎಂದಿದ್ದಳು ಅಮ್ಮ.

ಆಮೇಲೆ ಮಾತು ನಿಂತಿತು. ಮೊಸರಿಗೆ ಹೆಪ್ಪು ಕೇಳುವುದೂ ನಿಂತಿತು.

ಚಳಿಗಾಲದಲ್ಲಿ ಬಳ್ಳಿಯ ಕುಡಿಗಳಿಗೆ ಕರಿ ಹೇನು ಮುತ್ತಿ, ಅಜ್ಜಿಯ ಕಡೆ ಬೆಳೆದಿದ್ದ ಅವರೆಗೂ ಹಬ್ಬಿತು. ಅದೇ ವಾರ ಅಮ್ಮನಿಗೆ ವಿಪರೀತ ನೆಗಡಿ, ಕೆಮ್ಮು. ನಾನು ಹಾಸನದಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೆ, ಪರೀಕ್ಷೆಗೆ ಓದಲು ಮನೆಯಲ್ಲೇ ಇದ್ದೆ. ಬೆಳಿಗ್ಗೆ ಗೋಡೆಯಾಚೆಯಿಂದ ಅಜ್ಜಿಯ ದನಿ ಕೇಳಿತು. ಮೊದಲ ಪದದ ಕೊನೆಯ 'ಗೆ' ಮಾತ್ರ ನನಗೆ ಕೇಳಿಸಿತು, ಆಮೇಲೆ, "ಕಸಾಯ ಮಡಗಿವ್ನಿ, ತಗೊಳವ್ವ."

ಗೋಡೆಯ ಮೇಲೆ ಬೆಳಗಿದ ಹಿತ್ತಾಳೆ ಚೊಂಬು ಇತ್ತು, ಮೇಲೊಂದು ತಟ್ಟೆ ಮುಚ್ಚಿತ್ತು. ಅಮ್ಮನ ಮುಖ ಅರಳಿತು. "'ನಿಂಗೆ' ಅಂದ್ರು, ಕೇಳಿಸ್ತಾ? ನಂಗೆ ಅಂತ ಕಷಾಯ ಮಾಡಿಟ್ಟಿದಾರೆ. ರಾತ್ರಿ ನಾನು ಕೆಮ್ಮಿದ್ದು ಕೇಳಿಸಿರಬೇಕು. ಬಾಯಿ ಜೋರು, ಮನಸ್ಸು ಒಳ್ಳೇದು ಕಣೆ." ಲೋಟಕ್ಕೆ ಬಗ್ಗಿಸಿಕೊಂಡು ಬೆಲ್ಲದ ಚೂರು ಹಾಕಿದಳು.

ಹೊಗೆಸೊಪ್ಪಿನ ಹೊರೆ ಏರಿಸಿದ್ದ ರಾಮನಾಥಪುರದ ಬಸ್ಸಿನಲ್ಲಿ ಕೂತಂತಾಯಿತು ನನಗೆ. ಅದೇ ವಾಸನೆ. ಅಮ್ಮನ ಮೂಗು ಕಟ್ಟಿತ್ತು. ನಾನು ಪುಸ್ತಕ ಬಿಟ್ಟು ಏಳುವಷ್ಟರಲ್ಲಿ ಒಂದು ಗುಟುಕು ಒಳಗೆ ಹೋಗಿತ್ತು. ಲೋಟಕ್ಕೆ ಕೈ ಬೀಸಿ ಹೊಡೆದೆ.

ಆಟೋದಲ್ಲಿ ಅವಳು ವಾಂತಿ ಮಾಡಿದಳು. ಬೆವರಿ ತಣ್ಣಗಾದ ಅವಳ ಕೈ ಹಿಡಿದು ಕೂತಿದ್ದೆ. ಹೊಗೆಸೊಪ್ಪಿನ ರಸ ಎಷ್ಟು ಕಡುವಿಷವೆಂದು ನಾನು ಓದಿದ್ದೆ. ಓದಿದ್ದು ಬೇಡದ ಹೊತ್ತಿನಲ್ಲಿ ನೆನಪಿಗೆ ಬಂತು. ಸಂಜೆಯ ಹೊತ್ತಿಗೆ ಡಾಕ್ಟರು, ಇನ್ನು ಭಯವಿಲ್ಲ ಎಂದರು.

ಅಜ್ಜಿ ಆಸ್ಪತ್ರೆಗೇ ಬಂದರು. "ಏನ್ಗೆ ಅಂದೆ ಕಣವ್ವ, ಬಳ್ಳಿ ಏನ್ಗೆ. ಒಗೆಸೊಪ್ಪಿನ ಕಡ್ಡಿ ಬೇಯ್ಸಿದ್ ಕಸಾಯ ಚಿಮುಕ್ಸಿದ್ರೆ ಏನು ಸಾಯ್ತವೆ. ನಿಂಗೆ ಅಂದಿದ್ರೆ ನಾನೂ ಒಂದ್ ಲೋಟ ಕುಡೀತಿರ್ನಿಲ್ವಾ?"

ಅಜ್ಜಿಯ ನಾಲಿಗೆಯಲ್ಲಿ 'ಹ' ನಿಲ್ಲುವುದಿಲ್ಲ, ಹೇನು 'ಏನು' ಆಗುತ್ತದೆ. ಅಮ್ಮ ಮಲಗಿದ್ದಲ್ಲೇ ನಕ್ಕಳು. ನನಗೆ ನಗು ಬರಲಿಲ್ಲ. "ಗಿಡಕ್ಕೆ ಚಿಮುಕಿಸೋದನ್ನ ಯಾರಾದ್ರೂ ಬೆಳಗಿದ ಚೊಂಬಲ್ಲಿ, ತಟ್ಟೆ ಮುಚ್ಚಿ ಇಡ್ತಾರಾ ಅಜ್ಜಿ?" ಎಂದು ಕೇಳಿದೆ.

"ಮುಚ್ದೆ ಮಡಗಿದ್ರೆ ಬೆಕ್ಕು ಬಾಯಾಕಲ್ವಾ?" ಎಂದರು. ಉತ್ತರ ಸರಿಯಾಗೇ ಇತ್ತು. ತುಸು ಬೇಗನೇ ಬಂತು ಅನ್ನಿಸಿತು.

ಏನ್ಗೆ, ನಿಂಗೆ. ಎರಡನ್ನೂ ಅವರ ದನಿಯಲ್ಲೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನಾನು ಎಚ್ಚರವಾಗಿಯೇ ಇದ್ದೆ, ಕಿಟಕಿ ತೆರೆದೇ ಇತ್ತು. 'ಗೆ' ಮಾತ್ರ ಕೇಳುತ್ತದೆ. ಅದರ ಹಿಂದಿನದು ಈಗಲೂ ಕೇಳುವುದಿಲ್ಲ. ಅವರು ಬಳ್ಳಿಗೆ ಗತಿ ಕಾಣಿಸುತ್ತೇನೆ ಅಂದಿದ್ದರೇ ಹೊರತು ಅಮ್ಮನಿಗಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಆಗಲೇ ಬೆಳಗಿದ ಚೊಂಬು ಕಣ್ಣೆದುರು ಬರುತ್ತದೆ.

ಉಳಿದ ಕಷಾಯವನ್ನು ಅಜ್ಜಿಯೇ ಬಳ್ಳಿಗೆ ಚಿಮುಕಿಸಿದರು. ಹೇನು ಸತ್ತು, ಕಾಯಿ ಹಿಡಿಯಿತು. ತಮ್ಮ ಕಡೆ ಇಳಿದಿದ್ದ ಕಾಯಿಗಳನ್ನೂ ಬಿಡಿಸಿ ಮೊರದಲ್ಲಿ ಗೋಡೆಯ ಮೇಲಿಟ್ಟು, "ನಿಂದೇ ಕಣವ್ವ, ತಗೋ," ಎಂದರು. ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅಮ್ಮ ಅಂದೇ ಹಿತಕವರೆ ಸಾರು ಮಾಡಿದಳು. ಅವಳು ತುತ್ತೆತ್ತುವ ಮೊದಲು ನಾನು ಅವಳ ತಟ್ಟೆಯನ್ನು ಮೂಸಿ ನೋಡಿದೆ.