ಮೊಟ್ಟೆಯೊಳಗೆ ಗೆದ್ದ ಔಷಧಿ

ಆ ಪತ್ರಿಕೆಯವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ‘ಕ್ಯಾನ್ಸರ್‌ಗೆ ಮದ್ದು ಕಂಡುಹಿಡಿದ ಬೆಂಗಳೂರು ವಿಜ್ಞಾನಿಗಳು’ ಎಂದು ದಪ್ಪಕ್ಷರದಲ್ಲಿ ಹಾಕಿದ್ದ. ಫೋಟೋದಲ್ಲಿ ನಮ್ಮ ಗೈಡ್, ಹಿಂದೆ ಬಿಳಿ ಕೋಟು ತೊಟ್ಟ ನಾನು. ಯಲಹಂಕದ ಹತ್ತಿರದ ಲ್ಯಾಬೊಂದರಲ್ಲಿ ಆಗ ಪಿಎಚ್.ಡಿ ಮಾಡುತ್ತಿದ್ದೆ.

ನಾವು ಕಡಿದು ಕಟ್ಟೆ ಹಾಕಿದ್ದಾದರೂ ಏನು? ಗಡ್ಡೆ ಬೆಳೆಯಲು ರಕ್ತ ಬೇಕು. ಅದಕ್ಕೆ ಅದು ಹೊಸ ರಕ್ತನಾಳಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆ ನಾಳ ಹುಟ್ಟದಂತೆ ತಡೆಯುವ ಒಂದು ಪೆಪ್ಟೈಡ್, ಅಂದರೆ ಪ್ರೋಟೀನಿನ ಸಣ್ಣ ತುಣುಕು, ನಮ್ಮದು. ಮರಿಯಾಗುತ್ತಿದ್ದ ಕೋಳಿಮೊಟ್ಟೆಗೆ ಕಿಂಡಿ ಕೊರೆದು, ಒಳಗಿನ ಕೆಂಪು ನಾಳಗಳ ಮೇಲೆ ಒಂದು ಹನಿ ಬಿಡುತ್ತಿದ್ದೆವು. ಹನಿ ಬಿದ್ದಲ್ಲಿ ನಾಳ ಬೆಳೆಯುತ್ತಿರಲಿಲ್ಲ. ಅಷ್ಟೇ. ಇನ್ನೂ ಇಲಿಗೂ ಕೊಟ್ಟಿರಲಿಲ್ಲ.

ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ಬಸ್ಸಿನ ಗೋಳು ಬೇಡವೆಂದು ಹಾಸ್ಟೆಲ್‌ನಲ್ಲೇ ಇರುತ್ತಿದ್ದೆ. ಯುಗಾದಿಗೆ ಗಂಗಾನಗರದ ದೊಡ್ಡಪ್ಪನ ಮನೆಗೆ ಹೋದಾಗ, ಅಲ್ಲೇ ಇದ್ದ ಅತ್ತೆ, ಅಪ್ಪನ ತಂಗಿ, ತಲೆಯ ಬಟ್ಟೆ ಸರಿಸಿ ತೋರಿಸಿದರು.

“ನೋಡೇ, ಕೂದ್ಲು ಬರ್ತಿದೆ.”

ಎದೆಯ ಗಡ್ಡೆಗೆ ಕೀಮೋ ನಡೆಯುತ್ತಿದ್ದವರಿಗೆ ಕೂದಲು ಎಲ್ಲಿಂದ ಬರಬೇಕು?

“ಕೀಮೋ ಏನಾಯ್ತು ಅತ್ತೆ?”

“ನಿಲ್ಸಿದೀವಲ್ಲ. ನಿನ್ ಔಷಧಿ ಬರುತ್ತಂತಲ್ಲ.”

ದೊಡ್ಡಪ್ಪ ಕುರ್ಚಿಯಿಂದಲೇ ತೀರ್ಪು ಕೊಟ್ಟರು: “ಕೀಮೋ ಬಲೇ ಉಷ್ಣ ಕಣಮ್ಮ. ನಿಂದು ಬರೋವರ್ಗೂ ಮೈ ತಂಪಾಗಿರ್ಲಿ ಅಂತ ದಿನಾ ಎಳನೀರು ಕೊಡ್ತಿದೀನಿ.”

ನನ್ನ ಮೈಯೆಲ್ಲ ಉರಿದುಹೋಯಿತು.

“ದೊಡ್ಡಪ್ಪ, ಅದಿನ್ನೂ ಮೊಟ್ಟೇಲಿದೆ. ಮನುಷ್ಯರಿಗೆ ಬರೋಕೆ ಎಷ್ಟು ವರ್ಷಾನೋ. ಬರ್ದೇನೂ ಇರ್ಬೋದು.”

“ಪೇಪರ್‌ನೋರು ಸುಮ್ಸುಮ್ನೆ ಹಾಕ್ತಾರಾ?”

ಆ ಮನೆಯಲ್ಲಿ ದೊಡ್ಡಪ್ಪ ಹೇಳಿದ್ದೇ ವೇದವಾಕ್ಯ. ಬೀದಿಯ ತುಂಬ ‘ನಮ್ ಹುಡ್ಗಿ ಕ್ಯಾನ್ಸರ್‌ಗೆ ಔಷಧಿ ಮಾಡವ್ಳೆ’ ಎಂದು ಡಂಗುರ ಬೇರೆ ಹೊಡೆದಿದ್ದರು. ನನಗೆ ಒಂದು ಫೋನ್ ಮಾಡಿ ಕೇಳುವಷ್ಟು ವ್ಯವಧಾನ ಇರಲಿಲ್ಲ.

ಮರುದಿನವೇ ಅತ್ತೆಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ನೋಡಿದ ಡಾಕ್ಟರು, ಗಡ್ಡೆ ಮೊದಲು ಕೀಮೋಗೆ ಕರಗುತ್ತಿತ್ತು, ಬಿಟ್ಟ ಮೇಲೆ ಲಿವರಿಗೆ ಹಬ್ಬಿದೆ ಎಂದರು. ಮತ್ತೆ ಶುರು ಮಾಡಿದರು. ಅತ್ತೆಯ ಮೈ ತಡೆಯಲಿಲ್ಲ. ಗೌರಿ ಹಬ್ಬದ ಹೊತ್ತಿಗೆ ಹೋಗಿಬಿಟ್ಟರು.

ತಿಥಿಯ ದಿನ ನಾನು ಪಾಯಸ ಬಡಿಸುತ್ತಿದ್ದೆ. ದೊಡ್ಡಪ್ಪ ನೆಂಟರಿಗೆ ನನ್ನನ್ನು ತೋರಿಸಿ, “ಇವಳ ಔಷಧಿ ಒಂಚೂರು ಬೇಗ ಬಂದಿದ್ರೆ ನನ್ ತಂಗಿ ಉಳ್ಕೊಳ್ತಿದ್ಲು” ಎಂದರು.

“ಇದ್ದ ಔಷಧಿ ನಿಲ್ಸಿದ್ದು ನೀವು ದೊಡ್ಡಪ್ಪ,” ಎಂದೆ, ಇಡೀ ಪಂಕ್ತಿಗೆ ಕೇಳುವ ಹಾಗೆ.

ಅಪ್ಪ ನನ್ನ ತೋಳು ಹಿಡಿದರು. ಕೊಡವಿಕೊಂಡೆ. ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ. ಪಕ್ಕದ ಎಲೆ ತೋರಿಸಿ, “ಅವ್ರಿಗೆ ಇನ್ನೊಂದ್ ಸೌಟು ಹಾಕಮ್ಮ” ಎಂದರು.